ವಲ್ಲಭಾಚಾರ್ಯ

ವಲ್ಲಭಾಚಾರ್ಯರು (ಕ್ರಿ.ಶ. ೧೪೭೯–೧೫೩೧) ಶುದ್ಧಾದ್ವೈತ ಸಿದ್ಧಾಂತದ ಪ್ರತಿಪಾದಕರು ಮತ್ತು ಪುಷ್ಟಿಮಾರ್ಗದ ಸ್ಥಾಪಕರು. ಬಾಲಕೃಷ್ಣನನ್ನು ಮನೆಯ ಮಗುವಿನಂತೆ ಲಾಲಿಸಿ ಸೇವಿಸುವ ಸಂಪ್ರದಾಯವು ಉತ್ತರ ಮತ್ತು ಪಶ್ಚಿಮ ಭಾರತದಲ್ಲಿ ಬೇರೂರಲು ಇವರೇ ಮುಖ್ಯ ಕಾರಣರು. ಅನುಯಾಯಿಗಳು ಇವರನ್ನು ಮಹಾಪ್ರಭು ಎಂದು ಕರೆಯುತ್ತಾರೆ.

ಜನನ ಮತ್ತು ವಿದ್ಯಾಭ್ಯಾಸ

ವಲ್ಲಭರು ಕಾಶಿಯಲ್ಲಿ ನೆಲೆಸಿದ್ದ ತೆಲುಗು ಬ್ರಾಹ್ಮಣ ಕುಟುಂಬಕ್ಕೆ ಸೇರಿದವರು. ತಂದೆ ಲಕ್ಷ್ಮಣ ಭಟ್ಟ, ತಾಯಿ ಇಲ್ಲಮ್ಮ. ಆಕ್ರಮಣದ ಭೀತಿಯಿಂದ ದಂಪತಿಗಳು ಕಾಶಿಯನ್ನು ತೊರೆದು ದಕ್ಷಿಣಕ್ಕೆ ಸಾಗುತ್ತಿದ್ದಾಗ, ಇಂದಿನ ಛತ್ತೀಸ್‌ಗಢದ ಚಂಪಾರಣ್ಯದಲ್ಲಿ ದಿನ ತುಂಬುವ ಮೊದಲೇ ಪ್ರಸವವಾಯಿತು. ಶಿಶುವಿನಲ್ಲಿ ಜೀವವಿಲ್ಲವೆಂದು ತಿಳಿದು ಅದನ್ನು ಶಮೀವೃಕ್ಷದ ಬುಡದಲ್ಲಿ ಬಿಟ್ಟು ಹೋದರೆಂದೂ, ಹಿಂದಿರುಗಿ ಬಂದಾಗ ಅಗ್ನಿವಲಯದ ನಡುವೆ ಅದು ಆಡುತ್ತಿತ್ತೆಂದೂ ಸಂಪ್ರದಾಯದ ಕಥೆ ಹೇಳುತ್ತದೆ. ಅವರನ್ನು ಅಗ್ನಿಯ ಅವತಾರವೆಂದು ಭಾವಿಸುವುದಕ್ಕೂ ಈ ಕಥೆಗೂ ಸಂಬಂಧವಿದೆ.

ಕಾಶಿಯಲ್ಲಿ ಶಾಸ್ತ್ರಾಧ್ಯಯನ ಮುಗಿಸಿದ ವಲ್ಲಭರು ಚಿಕ್ಕ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡರು. ಅನಂತರ ಬರಿಗಾಲಿನಲ್ಲಿ ಮೂರು ಬಾರಿ ಭಾರತಯಾತ್ರೆ ಮಾಡಿದರು. ಅವರು ಭಾಗವತ ಪ್ರವಚನ ಮಾಡಿದ ೮೪ ಸ್ಥಳಗಳನ್ನು ಇಂದಿಗೂ ಬೈಠಕ್‌ಗಳೆಂದು ಗುರುತಿಸಲಾಗುತ್ತದೆ. ವಿಜಯನಗರದ ಆಸ್ಥಾನದಲ್ಲಿ ನಡೆದ ವಾದದಲ್ಲಿ ಜಯಗಳಿಸಿ ಕೃಷ್ಣದೇವರಾಯನಿಂದ ಕನಕಾಭಿಷೇಕ ಪಡೆದರೆಂಬುದು ಸಾಂಪ್ರದಾಯಿಕ ನಂಬಿಕೆ. ಇದರ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಗೃಹಸ್ಥಾಶ್ರಮ

ಬ್ರಹ್ಮಚಾರಿಯಾಗಿಯೇ ಉಳಿಯಬೇಕೆಂದಿದ್ದ ವಲ್ಲಭರಿಗೆ ಪಂಢರಪುರದ ವಿಠ್ಠಲನು ವಿವಾಹವಾಗುವಂತೆ ಆಜ್ಞಾಪಿಸಿದನೆಂದು ಹೇಳುತ್ತಾರೆ. ಅವರು ಮಹಾಲಕ್ಷ್ಮಿಯವರನ್ನು ವರಿಸಿ ಪ್ರಯಾಗದ ಸಮೀಪದ ಅಡೇಲಿನಲ್ಲಿ ನೆಲೆಸಿದರು. ಗೋಪೀನಾಥ ಮತ್ತು ವಿಠ್ಠಲನಾಥ ಅವರ ಪುತ್ರರು. ಈ ವಿವಾಹವನ್ನು ಕೇವಲ ಸಂಸಾರದ ಸಂಗತಿಯೆಂದು ತಿಳಿಯಬಾರದು. ಆಚಾರ್ಯರಲ್ಲಿ ಅನೇಕರು ಸಂನ್ಯಾಸಿಗಳಾಗಿರುತ್ತಿದ್ದ ಆ ಕಾಲದಲ್ಲಿ, ಮನೆ ಮಕ್ಕಳ ನಡುವೆ ಬಾಳುವವನೂ ಪರಮಪದಕ್ಕೆ ಅರ್ಹನೆಂಬ ಅವರ ಬೋಧನೆಗೆ ಅವರ ಸ್ವಂತ ಮನೆಯೇ ಆಧಾರವಾಯಿತು.

ಬಾಲಕೃಷ್ಣನ ಸೇವೆ

ಮಾಹಾತ್ಮ್ಯದ ಅರಿವಿನೊಡನೆ ಕೂಡಿದ, ಎಲ್ಲಕ್ಕೂ ಮಿಗಿಲಾದ ದೃಢಸ್ನೇಹವೇ ಭಕ್ತಿ ಎಂಬುದು ವಲ್ಲಭರ ನಿರೂಪಣೆ. ಮಧ್ವಾಚಾರ್ಯರ ನಿರೂಪಣೆಯೂ ಇದೇ ಆಗಿರುವುದರಿಂದ ಕನ್ನಡಿಗರಿಗೆ ಇದು ಅಪರಿಚಿತವಲ್ಲ. ಆದರೆ ವಲ್ಲಭರ ಮಾರ್ಗದಲ್ಲಿ ಒತ್ತು ಸ್ನೇಹದ ಮೇಲೆಯೇ ಬೀಳುತ್ತದೆ. ದೇವರಿಂದ ಏನನ್ನಾದರೂ ಪಡೆಯಲು ಮಾಡುವುದು ಪೂಜೆ. ದೇವರ ಸುಖವೊಂದನ್ನೇ ಬಯಸಿ ಮಾಡುವುದು ಸೇವೆ. ತಾಯಿ ಮಗುವಿಗೆ ಹಾಲುಣಿಸುವಾಗ ಫಲವನ್ನು ಎಣಿಸುವುದಿಲ್ಲ. ಆದ್ದರಿಂದಲೇ ಯಶೋದೆಯು ಈ ಮಾರ್ಗದಲ್ಲಿ ಭಕ್ತರಿಗೆ ಆದರ್ಶಳಾದಳು.

ಮನೆಯಲ್ಲಿರುವ ಕೃಷ್ಣನನ್ನು ಇವರು ವಿಗ್ರಹವೆನ್ನದೆ ಸ್ವರೂಪವೆನ್ನುತ್ತಾರೆ. ಬೆಣ್ಣೆ ಹಿಡಿದು ಅಂಬೆಗಾಲಿಡುವ ನವನೀತಪ್ರಿಯನು ಅಂತಹ ಪ್ರಸಿದ್ಧ ಸ್ವರೂಪ. ಗೋವರ್ಧನ ಗಿರಿಯ ಮೇಲಿದ್ದ ಶ್ರೀನಾಥಜಿಯನ್ನು ಬೆಟ್ಟವೆತ್ತಿದ ಏಳು ವರ್ಷದ ಬಾಲಕನೆಂದು ಭಾವಿಸಲಾಗುತ್ತದೆ. ಅವನ ಸೇವೆಯನ್ನು ವ್ಯವಸ್ಥೆಗೊಳಿಸಿದವರು ವಲ್ಲಭರು. ಮಗುವನ್ನು ಹಾಡಿ ಎಬ್ಬಿಸಬೇಕು, ಚಳಿಗಾಲದಲ್ಲಿ ಹತ್ತಿ ತುಂಬಿದ ಉಡುಪು ತೊಡಿಸಬೇಕು, ಬೇಸಿಗೆಯಲ್ಲಿ ತಂಪು ಮಾಡಬೇಕು, ಆಟಿಕೆಗಳನ್ನಿಡಬೇಕು, ಹೊತ್ತಿಗೆ ಸರಿಯಾಗಿ ಉಣಿಸಬೇಕು. ವಲ್ಲಭರ ಕಾಲದಲ್ಲಿ ಈ ಸೇವೆ ಸರಳವಾಗಿತ್ತು. ರಾಗ, ಭೋಗ, ಶೃಂಗಾರಗಳಿಂದ ಅದನ್ನು ವೈಭವಗೊಳಿಸಿದವರು ವಿಠ್ಠಲನಾಥರು. ಹೊರಗಿನವರು ಕಾಣುವುದು ಹೆಚ್ಚಾಗಿ ಈ ವೈಭವವನ್ನೇ. ದೇಹ ಮತ್ತು ಧನದಿಂದ ಮಾಡುವ ಸೇವೆ ಮಾನಸಿಕ ಸೇವೆಗೆ ಸಾಧನವೆಂದು ವಲ್ಲಭರು ಸ್ಪಷ್ಟವಾಗಿ ಬರೆದಿದ್ದರೂ ಅದು ಅಷ್ಟಾಗಿ ಪ್ರಚಾರದಲ್ಲಿಲ್ಲ.

ಬ್ರಹ್ಮಸಂಬಂಧವೆಂಬ ದೀಕ್ಷೆಯನ್ನು ಅವರು ಸ್ತ್ರೀಯರಿಗೂ ಶೂದ್ರರಿಗೂ ನೀಡಿದರು. ಮೊದಲ ಶಿಷ್ಯ ದಾಮೋದರದಾಸ ಹರ್ಸಾನಿ. ಸೂರದಾಸ, ಕುಂಭನದಾಸ, ಪರಮಾನಂದದಾಸ, ಕೃಷ್ಣದಾಸರೆಂಬ ಕವಿಗಳೂ ಅವರ ಶಿಷ್ಯರೇ. ದೈನ್ಯದ ಪದಗಳನ್ನು ಹಾಡುತ್ತಿದ್ದ ಸೂರದಾಸರನ್ನು ಕೃಷ್ಣಲೀಲೆಯ ಕಡೆಗೆ ತಿರುಗಿಸಿದವರು ವಲ್ಲಭರೆಂದು ಸಂಪ್ರದಾಯವು ಹೇಳುತ್ತದೆ.

ಕೃತಿಗಳು

ಬ್ರಹ್ಮಸೂತ್ರಗಳಿಗೆ ಬರೆದ ಅಣುಭಾಷ್ಯವನ್ನು ವಿಠ್ಠಲನಾಥರು ಪೂರ್ಣಗೊಳಿಸಿದರು. ಭಾಗವತದ ವ್ಯಾಖ್ಯಾನವಾದ ಸುಬೋಧಿನಿಯೂ ಅಪೂರ್ಣವೇ. ಆದರೆ ಕೃಷ್ಣನ ಬಾಲಲೀಲೆಗಳಿರುವ ದಶಮ ಸ್ಕಂಧಕ್ಕೆ ವ್ಯಾಖ್ಯಾನವಿದೆ. ತತ್ತ್ವಾರ್ಥದೀಪನಿಬಂಧ ಮತ್ತು ಷೋಡಶಗ್ರಂಥಗಳು ಇತರ ಮುಖ್ಯ ಕೃತಿಗಳು. ಷೋಡಶಗ್ರಂಥಗಳಲ್ಲೊಂದಾದ ನಿರೋಧಲಕ್ಷಣದ ಆರಂಭದಲ್ಲಿ, ಗೋಕುಲದಲ್ಲಿ ಯಶೋದೆ, ನಂದ ಮತ್ತು ಗೋಪಿಯರು ಅನುಭವಿಸಿದ ದುಃಖವು ತಮಗೂ ಎಂದಾದರೂ ಒದಗಲೆಂದು ಅವರು ಬಯಸುತ್ತಾರೆ. ಮೋಕ್ಷವನ್ನಲ್ಲ, ಮಗುವನ್ನು ಅಗಲಿದ ತಾಯಿಯ ಸಂಕಟವನ್ನು ಬೇಡಿದ ಆಚಾರ್ಯರು ವಿರಳ.

ಅಂತ್ಯಕಾಲ

ಕಲಿಯುಗದಲ್ಲಿ ಸಂನ್ಯಾಸವು ಸುಲಭಸಾಧ್ಯವಲ್ಲ, ಭಗವಂತನ ವಿರಹವನ್ನು ಅನುಭವಿಸುವುದಕ್ಕಾಗಿ ಮಾತ್ರ ಅದು ಉಚಿತ ಎಂದು ವಲ್ಲಭರು ಸಂನ್ಯಾಸನಿರ್ಣಯದಲ್ಲಿ ಬರೆದಿದ್ದರು. ಕೊನೆಗೆ ತಾವೇ ಮನೆಯನ್ನು ತೊರೆದು ಸಂನ್ಯಾಸ ಸ್ವೀಕರಿಸಿದರು. ಮಕ್ಕಳಿಬ್ಬರೂ ಆಗ ಇನ್ನೂ ಎಳೆಯರು. ಕಾಶಿಯ ಹನುಮಾನ್ ಘಾಟಿನಲ್ಲಿ ಮೌನವ್ರತದಲ್ಲಿದ್ದು, ಆಷಾಢ ಮಾಸದಲ್ಲಿ ಗಂಗೆಯನ್ನು ಪ್ರವೇಶಿಸಿ ದೇಹತ್ಯಾಗ ಮಾಡಿದರೆಂದು ಸಂಪ್ರದಾಯವು ನಂಬುತ್ತದೆ.

೧೬೬೯ರಲ್ಲಿ ಗೋವರ್ಧನದಿಂದ ಹೊರಟ ಶ್ರೀನಾಥಜಿಯನ್ನು ೧೬೭೨ರಲ್ಲಿ ಮೇವಾಡದ ನಾಥದ್ವಾರದಲ್ಲಿ ಪ್ರತಿಷ್ಠಾಪಿಸಲಾಯಿತು. ಅಲ್ಲಿಯ ಆಲಯವನ್ನು ಇಂದಿಗೂ ಹವೇಲಿ, ಅಂದರೆ ಮನೆ, ಎಂದೇ ಕರೆಯುತ್ತಾರೆ. ದಿನಕ್ಕೆ ಎಂಟು ದರ್ಶನಗಳಿವೆ. ಬಾಲಕನು ಉಣ್ಣುವಾಗಲೂ ಮಲಗಿರುವಾಗಲೂ ಬಾಗಿಲು ಮುಚ್ಚಿರುತ್ತದೆ.