ಬರೆದು, ಅಚ್ಚು ಹಾಕಿಸಿ, ತಾವೇ ಮಾರಿದ ರಾಜರತ್ನಂ

ಮಾಗಡಿ, ಚನ್ನಪಟ್ಟಣ, ಕನಕಪುರಗಳ ನೆರೆಯ ರಾಮನಗರವನ್ನು ಜನ ಇನ್ನೂ ಕ್ಲೋಸ್‌ಪೇಟೆ ಎಂದು ಕರೆಯುತ್ತಿದ್ದ ಕಾಲದಲ್ಲಿ ಅಲ್ಲಿ ಜನಿಸಿದವರು ಜಿ.ಪಿ. ರಾಜರತ್ನಂ. ಮನೆತನ ಗುಂಡ್ಲುಪೇಟೆಯದು. ನಾಡು ಅವರನ್ನು 'ರತ್ನನ ಪದಗಳ' ಕವಿಯೆಂದೂ ಮಕ್ಕಳ ಕವಿಯೆಂದೂ ನೆನೆಯುತ್ತದೆ. ಅವರೊಳಗಿದ್ದ ಪುಸ್ತಕ ಮಾರಾಟಗಾರನನ್ನು ನೆನೆಯುವವರು ಕಡಿಮೆ. ಲಾಭದ ಲೆಕ್ಕ ನೋಡಿದರೆ ಮಾರಾಟಗಾರ ಎಂಬ ಮಾತೂ ಅವರಿಗೆ ಒಪ್ಪುವುದಿಲ್ಲ. ಸಾಹಿತ್ಯ ಪರಿಚಾರಕ ಎಂಬುದೇ ಅವರಿಗೆ ನಿಂತ ಹೆಸರು.

1931ರಲ್ಲಿ ಮೈಸೂರಿನಲ್ಲಿ ಕನ್ನಡ ಎಂ.ಎ. ಮುಗಿಸಿದ ರಾಜರತ್ನಂ ಅವರಿಗೆ ಕೆಲಸ ಕೂಡಲೇ ದೊರೆಯಲಿಲ್ಲ. ಹೆಂಡ ಮುಟ್ಟದ ಈ ಪದವೀಧರ, ಹೆಂಡ ಕುಡಿದು ಹಾಡುವ ರತ್ನನನ್ನು ಆಡುಮಾತಿನಲ್ಲಿಯೇ ಸೃಷ್ಟಿಸಿದ್ದು ಆ ದಿನಗಳಲ್ಲಿ. ಪಠ್ಯಪುಸ್ತಕಗಳನ್ನೇ ನೆಚ್ಚಿದ್ದ ಕನ್ನಡ ಪುಸ್ತಕ ವ್ಯಾಪಾರಕ್ಕೆ ಇಂತಹ ಪುಟ್ಟ ಪದ್ಯಪುಸ್ತಿಕೆ ಸುಲಭದ ಸರಕಾಗಿರಲಿಲ್ಲ. ಪ್ರಕಾಶಕರಿಗಾಗಿ ಕಾಯುತ್ತ ಕೂರುವುದು ಅವರ ಸ್ವಭಾವವೂ ಅಲ್ಲ. ಮುಂದೆ ಶಾಕ್ಯ ಸಾಹಿತ್ಯ ಮಂಟಪ ಎಂಬ ಸ್ವಂತ ಪ್ರಕಟಣೆಯನ್ನೇ ನಡೆಸಿದರು. ಮಾಸ್ತಿಯವರ ಪ್ರೇರಣೆಯಿಂದ ಪಾಳಿ ಕಲಿತು ಬರೆದ ಬೌದ್ಧ ಕೃತಿಗಳಿಗೆ ಗಿರಾಕಿ ಇನ್ನೂ ವಿರಳ. ಆದರೂ ಅವನ್ನು ಕೈಬಿಡಲಿಲ್ಲ.

ಬರೆದವರೇ ಪುಸ್ತಕ ಹೊತ್ತು ಮಾರುವುದು ಕನ್ನಡಕ್ಕೆ ಹೊಸದಲ್ಲ. ಹಾವೇರಿ ಸೀಮೆಯ ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿದ್ದರು. 1933ರಲ್ಲಿ ಧಾರವಾಡದಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನೆಚ್ಚಿತು. ರಾಜರತ್ನಂ ನೆಚ್ಚಿದ್ದು ವಿದ್ಯಾರ್ಥಿಗಳನ್ನು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಕಟ್ಟಿದ್ದ, 1919ರಲ್ಲಿ 'ಪ್ರಬುದ್ಧ ಕರ್ನಾಟಕ'ವನ್ನು ಹೊರತಂದಿದ್ದ ಕರ್ನಾಟಕ ಸಂಘದ ಹೊಣೆ ಅಧ್ಯಾಪಕರಾಗಿ ಬಂದ ಅವರ ಹೆಗಲಿಗೆ ಬಿತ್ತು. ಸಂಘದಿಂದ ವಿದ್ಯಾರ್ಥಿಗಳ ಬರಹಗಳನ್ನು ಅಚ್ಚು ಹಾಕಿಸಿದರು, ಕಡಿಮೆ ಬೆಲೆ ಇಟ್ಟರು, ಕಟ್ಟುಗಳನ್ನು ತಾವೇ ಹೊತ್ತು ಓದುಗರ ಮುಂದಿಟ್ಟರು. ಪ್ರಾಧ್ಯಾಪಕರೊಬ್ಬರು ಪುಸ್ತಕದ ಹೊರೆ ಹೊರುವುದು ಘನತೆಗೆ ಕುಂದೆಂದು ಅವರಿಗೆ ಅನಿಸಲೇ ಇಲ್ಲ.

ಯಾವ ಪುಸ್ತಕ ಬೇಕು ಎಂಬ ಅವರ ತೀರ್ಮಾನ ಅಂಗಡಿಯ ಲೆಕ್ಕದಿಂದ ಹುಟ್ಟಿದ್ದಲ್ಲ, ಕೊರತೆಯಿಂದ ಹುಟ್ಟಿದ್ದು. ಎಳೆಯ ಮಕ್ಕಳಿಗೆ ಪಾಠ ಹೇಳುವಾಗ ಬಾಯಿಗೆ ಹತ್ತುವ ಪದ್ಯಗಳಿಲ್ಲವೆಂದು ಕಂಡು ತಾವೇ ಬರೆದರು. 'ತುತ್ತೂರಿ' ಹಾಗೆ ಬಂತು. ಹೊಸಬರ ಬರಹಕ್ಕೆ ಅಚ್ಚಿನ ಮನೆಯಿಲ್ಲವೆಂದು ಕಂಡಾಗ ಸಂಘದ ಪ್ರಕಟಣೆಗಳನ್ನು ಬೆಳೆಸಿದರು. ಕೈಸುಟ್ಟುಕೊಳ್ಳುವ ವ್ಯವಹಾರವೇ ಸರಿ, ಆದರೆ ಒಂದು ತಲೆಮಾರಿನ ಬರಹಗಾರರು ತಮ್ಮ ಹೆಸರನ್ನು ಅಚ್ಚಿನಲ್ಲಿ ಮೊದಲು ಕಂಡದ್ದು ಅದರಿಂದಲೇ.

1978ರಲ್ಲಿ ದೆಹಲಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಮರುವರ್ಷ, 1979ರ ಮಾರ್ಚ್ 13ರಂದು ನಿಧನರಾದರು. ಅವರ ಅಂಗಡಿಗೆ ಬೋರ್ಡ್ ಇರಲಿಲ್ಲ, ಬಾಗಿಲೂ ಇರಲಿಲ್ಲ. 'ರತ್ನನ ಪದಗಳು' ಮಾತ್ರ ಇಂದಿಗೂ ಮಾರಾಟವಾಗುತ್ತಿದೆ.