ಮಕ್ಕಳ ತೋಟವನ್ನು ನೆಟ್ಟ ಫ್ರೊಬೆಲನ ಚರಿತ್ರೆ

ಸಸಿಯನ್ನು ನೆಟ್ಟ ರೈತನು ಅದು ಮರವಾಗುವ ತನಕ ಸುಮ್ಮನಿದ್ದು, ಆಮೇಲೆ ನೀರು ಹೊಯ್ಯುತ್ತೇನೆಂದು ಹೇಳುವದಿಲ್ಲ. ಅದು ಎಳೆಯದಾಗಿರುವಾಗಲೇ ಬೇಲಿ ಕಟ್ಟಿ, ಕಳೆ ಕಿತ್ತು, ದನಕರುಗಳು ಮೇಯದ ಹಾಗೆ ಕಾಯುತ್ತಾನೆ. ಆದರೆ ನಮ್ಮ ಮನೆಗಳಲ್ಲಿರುವ ಮೂರು ನಾಲ್ಕು ವರುಷದ ಕೂಸುಗಳ ವಿಷಯದಲ್ಲಿ ನಾವು ಬೇರೆ ರೀತಿಯಾಗಿ ನಡೆಯುತ್ತೇವೆ. ಶಾಲೆಗೆ ಹೋಗುವ ಪ್ರಾಯವು ಬರುವ ತನಕ ಅವುಗಳಿಗೆ ಅನ್ನ ಬಟ್ಟೆ ಸಿಕ್ಕಿದರೆ ಸಾಕೆಂತಲೂ, ಅವುಗಳ ಆಟವು ಬರೀ ಕಾಲಹರಣವೆಂತಲೂ ಎಣಿಸುತ್ತೇವೆ. ಈ ಎಣಿಕೆಯು ತಪ್ಪೆಂದು ಲೋಕಕ್ಕೆ ತೋರಿಸಿಕೊಟ್ಟ ಒಬ್ಬ ಪಾದ್ರಿಯ ಮಗನ ಚರಿತ್ರೆಯನ್ನು ಈ ತಿಂಗಳು ನಿಮ್ಮ ಮುಂದೆ ಇಡುತ್ತೇವೆ. ಅವನ ಹೆಸರು ಫ್ರೀಡ್ರಿಕ್ ಫ್ರೊಬೆಲ್.

ಜರ್ಮನಿ ದೇಶದ ನಡುವೆ ತೂರಿಂಗಿಯ ಎಂಬ ಕಾಡುಗುಡ್ಡಗಳ ಸೀಮೆಯುಂಟು. ಅಲ್ಲಿಯ ಓಬರ್‌ವೈಸ್‌ಬಾಖ್ ಎಂಬ ಊರಿನಲ್ಲಿ 1782ನೆಯ ಇಸವಿ ಏಪ್ರಿಲ್ 21ರಲ್ಲಿ ಅವನು ಹುಟ್ಟಿದನು. ಅವನ ತಂದೆಯು ಲೂಥರನ ಸಭೆಯ ಬೋಧಕನಾಗಿದ್ದನು. ಮಗುವಿಗೆ ಒಂಬತ್ತು ತಿಂಗಳಾದಾಗ ತಾಯಿಯು ತೀರಿಹೋದಳು. ತಂದೆಗೆ ಸುತ್ತಲಿನ ಅನೇಕ ಹಳ್ಳಿಗಳ ಸಭೆಯ ಭಾರವು ಇದ್ದದರಿಂದ ಮನೆಯಲ್ಲಿದ್ದ ಈ ಕೂಸನ್ನು ನೋಡುವದಕ್ಕೆ ಅವನಿಗೆ ಸಮಯವೇ ದೊರೆಯಲಿಲ್ಲ. ಆಳುಗಳೂ ಅಣ್ಣಂದಿರೂ ಅವನನ್ನು ಎತ್ತಿ ಆಡಿಸಿದರು. ಅನಂತರ ಮಲತಾಯಿಯು ಮನೆಗೆ ಬಂದಳು. ಅವಳು ಮೊದಲು ಪ್ರೀತಿಯಿಂದ ನಡಿಸಿದರೂ ತನಗೆ ಒಂದು ಗಂಡುಮಗುವು ಹುಟ್ಟಿದ ಮೇಲೆ ಅವನಿಂದ ಮುಖವನ್ನು ತಿರುಗಿಸಿಕೊಂಡು, ಮಗನೊಂದಿಗೆ ಮಾತಾಡುವ ಹಾಗೆ ಮಾತಾಡದೆ, ಪರರನ್ನು ಮಾತಾಡಿಸುವ ಹಾಗೆ ಮಾತಾಡುತ್ತಿದ್ದಳು. ಕೂಸಿನ ಹೃದಯವು ಇದನ್ನು ಬೇಗನೆ ತಿಳುಕೊಂಡಿತು.

ತಂದೆಯು ಅವನಿಗೆ ಅಕ್ಷರವನ್ನು ಕಲಿಸುವದಕ್ಕೆ ಪ್ರಯತ್ನಿಸಿ, ಇವನು ಮಂದಬುದ್ಧಿಯವನೆಂದು ಬೇಸರಪಟ್ಟು, ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಕೂಡ್ರಿಸಿದನು. ಹೀಗೆ ಒಂಟಿಯಾಗಿದ್ದ ಹುಡುಗನಿಗೆ ಮನೆಯ ಹಿತ್ತಲೂ ಹೂಗಿಡಗಳೂ ಜೊತೆಗಾರರಾದವು. ಅವನ ಅಣ್ಣನಾದ ಕ್ರಿಸ್ತೋಫನು ಒಂದು ಗಿಡದ ಹೂಗಳನ್ನು ತೋರಿಸಿ ಅವುಗಳ ರಚನೆಯನ್ನು ವಿವರಿಸಿದಾಗ, ದೇವರು ಇಷ್ಟು ಚಿಕ್ಕದರಲ್ಲಿಯೂ ಇಷ್ಟು ಕ್ರಮವನ್ನು ಇಟ್ಟಿದ್ದಾನೆಂದು ಹುಡುಗನಿಗೆ ಹೇಳಲಾರದ ಸಮಾಧಾನವುಂಟಾಯಿತು.

ಹತ್ತು ವರುಷ ಪ್ರಾಯದಲ್ಲಿ ಅವನ ಸೋದರಮಾವನು ಈ ಅವಸ್ಥೆಯನ್ನು ನೋಡಿ ಮರುಗಿ, ಶ್ಟಾಟ್‌ಇಲ್ಮ್ ಎಂಬ ಊರಲ್ಲಿದ್ದ ತನ್ನ ಮನೆಗೆ ಕರಕೊಂಡು ಹೋದನು. ಆ ಮಾವನೂ ಬೋಧಕನೇ. ಆ ಮನೆಯಲ್ಲಿ ನಂಬಿಕೆಯೂ ನಗುವೂ ಇದ್ದವು. ಅಲ್ಲಿ ಅವನು ಮೊದಲನೆಯ ಸಾರಿ ಜೊತೆಗಾರರ ಸಂಗಡ ಓಡಿ ಆಡಿದನು. ಪ್ರೀತಿಯಿಲ್ಲದ ಮನೆಯಲ್ಲಿ ಮಂದನೆನಿಸಿಕೊಂಡವನು ಪ್ರೀತಿಯುಳ್ಳ ಮನೆಯಲ್ಲಿ ಚುರುಕಾದನು. ಮುಂದೆ ಅವನು ಮಾಡಿದ ಎಲ್ಲಾ ಕೆಲಸದ ಬೇರು ಇಲ್ಲಿಯೇ ಉಂಟೆಂದು ನಾವು ತಿಳಿಯುತ್ತೇವೆ.

ಆದರೆ ತನ್ನ ಕೆಲಸವು ಯಾವದೆಂದು ಅವನಿಗೆ ಬಹು ಕಾಲದ ವರೆಗೆ ತಿಳಿಯಲಿಲ್ಲ. 1797ರಲ್ಲಿ ಕಾಡಿನ ಅಧಿಕಾರಿಯೊಬ್ಬನ ಬಳಿಯಲ್ಲಿ ಎರಡು ವರುಷ ಕೆಲಸ ಕಲಿಯುವದಕ್ಕೆ ಸೇರಿದನು. 1799ರಲ್ಲಿ ಯೇನಾ ವಿಶ್ವವಿದ್ಯಾನಿಲಯಕ್ಕೆ ಹೋದನು. ಅಲ್ಲಿ ತನ್ನಲ್ಲಿದ್ದ ಹಣವನ್ನು ಅಣ್ಣನಿಗೆ ಸಾಲವಾಗಿ ಕೊಟ್ಟು, ಅದು ತಿರಿಗಿ ಬಾರದೆ, ತಾನೇ ಸಾಲದಲ್ಲಿ ಬಿದ್ದು, ವಿಶ್ವವಿದ್ಯಾನಿಲಯದ ಸೆರೆಯಲ್ಲಿ ಒಂಬತ್ತು ವಾರ ಇರಬೇಕಾಯಿತು. ನಾಚಿಕೆಯಿಂದ ಮನೆಗೆ ಬಂದನು. 1802ರಲ್ಲಿ ತಂದೆಯು ತೀರಿಕೊಳ್ಳುವದಕ್ಕೆ ಮುಂಚೆ ತಂದೆಗೂ ಮಗನಿಗೂ ಸಮಾಧಾನವಾದದ್ದು ದೇವರ ಕೃಪೆಯೇ ಸರಿ.

1805ರಲ್ಲಿ ಮನೆ ಕಟ್ಟುವ ಶಿಲ್ಪವಿದ್ಯೆಯನ್ನು ಕಲಿಯಬೇಕೆಂದು ಫ್ರಾಂಕ್‌ಫುರ್ಟ್ ಪಟ್ಟಣಕ್ಕೆ ಹೋದನು. ಅಲ್ಲಿಯ ಒಂದು ಮಾದರಿ ಶಾಲೆಯ ಮುಖ್ಯೋಪಾಧ್ಯಾಯನಾದ ಗ್ರೂನರನು ಇವನ ಸ್ವಭಾವವನ್ನು ಕಂಡು, ಕಲ್ಲಿನ ಮನೆಗಳನ್ನು ಬಿಟ್ಟು ಮಕ್ಕಳನ್ನು ಕಟ್ಟುವ ಕೆಲಸಕ್ಕೆ ಬರಬೇಕೆಂದು ಕರೆದನು. ಮಕ್ಕಳ ಮುಂದೆ ನಿಂತ ಮೊದಲನೆಯ ದಿನವೇ, ತಾನು ಇಷ್ಟು ವರುಷ ಹುಡುಕುತ್ತಿದ್ದ ಕೆಲಸವು ಇದೇ ಎಂದು ಫ್ರೊಬೆಲನಿಗೆ ತಿಳಿಯಿತು.

ಆ ಕಾಲದಲ್ಲಿ ಸ್ವಿಟ್ಜರ್ಲೆಂಡಿನ ಇವೆರ್ಡಾನ್ ಎಂಬಲ್ಲಿ ಪೆಸ್ತಲೋಜಿ ಎಂಬ ಹೆಸರುಗೊಂಡ ಉಪಾಧ್ಯಾಯನು ಇದ್ದನು. ಬಾಯಿಪಾಠಕ್ಕಿಂತ ಮುಂಚೆ ಮಗುವು ವಸ್ತುವನ್ನು ಕಣ್ಣಾರೆ ನೋಡಿ ಕೈಯಾರೆ ಮುಟ್ಟಬೇಕೆಂತಲೂ, ಶಾಲೆಯು ಮನೆಯ ಹಾಗೆ ಪ್ರೀತಿಯಿಂದ ನಡೆಯಬೇಕೆಂತಲೂ ಅವನು ಬೋಧಿಸುತ್ತಿದ್ದನು. ಫ್ರೊಬೆಲನು 1808ರಿಂದ 1810ರ ವರೆಗೆ ಅವನ ಬಳಿಯಲ್ಲಿದ್ದು ಕಲಿತನು. ಆ ಮೇಲೆ ಗೋಟಿಂಗೆನ್ ಮತ್ತು ಬರ್ಲಿನ್ ಪಟ್ಟಣಗಳಲ್ಲಿ ಕಲ್ಲುಹರಳುಗಳ ಶಾಸ್ತ್ರವನ್ನು ಓದಿದನು. 1813ರಲ್ಲಿ ನೆಪೋಲಿಯನನ ವಿರೋಧವಾಗಿ ಯುದ್ಧಕ್ಕೆ ಹೊರಟ ದಂಡಿನಲ್ಲಿ ಸೇರಿ, ಅಲ್ಲಿ ಮಿಡೆನ್‌ಡೋರ್ಫ್ ಮತ್ತು ಲಾಂಗೆಟಾಲ್ ಎಂಬ ಇಬ್ಬರು ದೇವಶಾಸ್ತ್ರದ ವಿದ್ಯಾರ್ಥಿಗಳ ಸ್ನೇಹವನ್ನು ಸಂಪಾದಿಸಿದನು. ಇವರು ಮುಂದೆ ಅವನ ಕೆಲಸದಲ್ಲಿ ಕೈಗೂಡಿದರು.

ಅದೇ ಯುದ್ಧದ ಸಮಯದಲ್ಲಿ, ಬೋಧಕನಾಗಿದ್ದ ಅಣ್ಣ ಕ್ರಿಸ್ತೋಫನು ಕಾಯಿಲೆಯಾದ ಸಿಪಾಯಿಗಳ ಶುಶ್ರೂಷೆಯನ್ನು ಮಾಡುತ್ತಿದ್ದು, ಅವರ ಜ್ವರವು ತನಗೂ ತಗಲಿ ಮರಣಹೊಂದಿದನು. ಅವನ ಮೂವರು ಗಂಡುಮಕ್ಕಳು ತಂದೆಯಿಲ್ಲದವರಾದರು. ಆಗ ಫ್ರೊಬೆಲನು ಬರ್ಲಿನ್ ಪಟ್ಟಣದ ಹರಳುಗಳ ಸಂಗ್ರಹಶಾಲೆಯಲ್ಲಿದ್ದ ಒಳ್ಳೇ ಉದ್ಯೋಗವನ್ನು ಬಿಟ್ಟು, 1816ರಲ್ಲಿ ಆ ಮೂವರನ್ನೂ ಇನ್ನೊಬ್ಬ ಅಣ್ಣನ ಇಬ್ಬರು ಮಕ್ಕಳನ್ನೂ ಕೂಡಿಸಿಕೊಂಡು ಗ್ರೀಸ್‌ಹೈಮ್ ಎಂಬ ಹಳ್ಳಿಯಲ್ಲಿ ಶಾಲೆಯನ್ನು ತೆರೆದನು. ಚಿಕ್ಕಂದಿನಲ್ಲಿ ಹೂವನ್ನು ತೋರಿಸಿ ತನ್ನನ್ನು ಸಂತೈಸಿದ ಅಣ್ಣನ ಸಾಲವನ್ನು ಅವನು ಹೀಗೆ ತೀರಿಸಿದನು. ಮರುವರುಷ ಆ ಶಾಲೆಯು ಕೈಲ್‌ಹೌ ಎಂಬ ಹಳ್ಳಿಗೆ ಹೋಯಿತು.

ಕೈಲ್‌ಹೌ ಶಾಲೆಯಲ್ಲಿ ಬಡತನವೇ ಹೆಚ್ಚು. ಆದರೂ ಅಲ್ಲಿ ಹುಡುಗರು ಓದುವದರೊಂದಿಗೆ ತೋಟವನ್ನು ಅಗೆಯುತ್ತಲೂ, ಗುಡ್ಡಗಳನ್ನು ಹತ್ತುತ್ತಲೂ, ಮರಗೆಲಸವನ್ನು ಮಾಡುತ್ತಲೂ ಬೆಳೆದರು. ಮಕ್ಕಳ ಸಂಖ್ಯೆಯು ಅರುವತ್ತರ ಹತ್ತಿರಕ್ಕೆ ಬಂದಿತು. 1826ರಲ್ಲಿ ಫ್ರೊಬೆಲನು ಮನುಷ್ಯನ ಶಿಕ್ಷಣದ ವಿಷಯವಾಗಿ ಒಂದು ದೊಡ್ಡ ಪುಸ್ತಕವನ್ನು ಪ್ರಕಟಿಸಿದನು. ಹೀಗಿರಲಾಗಿ, ಈ ಶಾಲೆಯು ರಾಜದ್ರೋಹಿಗಳನ್ನು ಬೆಳೆಸುತ್ತದೆಂಬ ಸುದ್ದಿಯು ಹಬ್ಬಿತು. ತಂದೆತಾಯಿಗಳು ಹೆದರಿ ಮಕ್ಕಳನ್ನು ಹಿಂದಕ್ಕೆ ಕರಕೊಂಡದ್ದರಿಂದ ಸಂಖ್ಯೆಯು ಕೊನೆಗೆ ಐದಕ್ಕೆ ಇಳಿಯಿತು. ಅವನ ತಪ್ಪುಗಳನ್ನೂ ನಾವು ಮರೆಮಾಡಬಾರದು. ಅವನು ಹಟವಾದಿಯೂ ಹಣದ ಲೆಕ್ಕದಲ್ಲಿ ಅಜಾಗ್ರತೆಯುಳ್ಳವನೂ ಆಗಿದ್ದನು. ಅವನ ಬರಹವು ತಿಳಿಯುವದಕ್ಕೆ ಕಷ್ಟವಾಗಿತ್ತು. ಇದರ ಭಾರವನ್ನು ಅವನ ಹೆಂಡತಿಯಾದ ವಿಲ್ಹೆಲ್ಮಿನಳೂ ಸ್ನೇಹಿತರೂ ತಾಳ್ಮೆಯಿಂದ ಹೊತ್ತರು.

1831ರಲ್ಲಿ ಅವನು ಪುನಃ ಸ್ವಿಟ್ಜರ್ಲೆಂಡಿಗೆ ಹೋದನು. 1835ರಲ್ಲಿ ಬುರ್ಗ್‌ಡೋರ್ಫ್ ಎಂಬ ಊರಿನ ಅನಾಥಶಾಲೆಯನ್ನು ನಡಿಸುತ್ತಿರುವಾಗ ಒಂದು ಸಂಗತಿಯು ಅವನ ಮನಸ್ಸನ್ನು ಬಲವಾಗಿ ಹಿಡಿಯಿತು. ಅದೇನಂದರೆ, ಶಾಲೆಗೆ ಬರುವ ಮಕ್ಕಳಲ್ಲಿ ಕಾಣುವ ಮಂಕುತನವೂ ಹಟವೂ ಭಯವೂ ಶಾಲೆಯಲ್ಲಿ ಹುಟ್ಟಿದವುಗಳಲ್ಲ. ಅದಕ್ಕೆ ಮುಂಚಿನ ಐದಾರು ವರುಷಗಳಲ್ಲಿ ಯಾರೂ ಗಮನಿಸದೆ ಬಿಟ್ಟದ್ದರ ಫಲವೇ. ಆರಂಭದ ವರುಷಗಳು ಹಾಳಾದ ಮೇಲೆ ಉಪಾಧ್ಯಾಯನು ಎಷ್ಟು ಕಷ್ಟಪಟ್ಟರೂ ಅದು ಬಗ್ಗಿ ಬೆಳೆದ ಮರವನ್ನು ನೆಟ್ಟಗೆ ಮಾಡುವ ಪ್ರಯಾಸವೇ ಆಗಿದೆ. ತಾಯಿಯ ಮಡಿಲನ್ನು ಕಾಣದೆ ಬೆಳೆದವನಿಗೆ ಈ ಮಾತು ಓದಿ ತಿಳಿಯಬೇಕಾದದ್ದಲ್ಲ.

ಆದದರಿಂದ 1837ರಲ್ಲಿ, ತನ್ನ ಐವತ್ತೈದನೆಯ ಪ್ರಾಯದಲ್ಲಿ, ಕೈಲ್‌ಹೌ ಹತ್ತಿರದ ಬ್ಲಾಂಕೆನ್‌ಬುರ್ಗ್ ಎಂಬ ಊರಲ್ಲಿ ಚಿಕ್ಕ ಮಕ್ಕಳಿಗೋಸ್ಕರವೇ ಒಂದು ಸ್ಥಳವನ್ನು ಏರ್ಪಡಿಸಿದನು. ಅದಕ್ಕೆ ಏನು ಹೆಸರಿಡಬೇಕೆಂದು ಬಹಳ ಕಾಲ ಯೋಚಿಸಿದನು. 1840ರಲ್ಲಿ ಒಂದು ದಿನ ಸ್ನೇಹಿತರೊಂದಿಗೆ ಗುಡ್ಡವನ್ನು ದಾಟಿ ಹೋಗುತ್ತಿರುವಾಗ ಅವನಿಗೆ ತಟ್ಟನೆ ಕಿಂಡರ್‌ಗಾರ್ಟನ್ ಎಂಬ ಹೆಸರು ಹೊಳೆಯಿತು. ಅದರ ಅರ್ಥವು ಮಕ್ಕಳ ತೋಟ ಎಂಬದೇ. ದೇವರು ಬೆಳೆಸುವಾತನು, ಮಕ್ಕಳು ಸಸಿಗಳು, ಕಲಿಸುವವರು ತೋಟಗಾರರು. ತೋಟಗಾರನು ಸಸಿಯನ್ನು ಹಿಡಿದು ಮೇಲಕ್ಕೆ ಎಳೆಯುವದಿಲ್ಲ. ಮಣ್ಣು, ನೀರು, ಬಿಸಿಲು ಸರಿಯಾಗಿ ದೊರೆಯುವಂತೆ ಮಾತ್ರ ನೋಡುತ್ತಾನೆ.

ಆ ತೋಟದಲ್ಲಿ ಮಕ್ಕಳು ಏನು ಮಾಡುತ್ತಿದ್ದರೆಂದು ವಾಚಕರು ಕೇಳಬಹುದು. ಮೊದಲು ಅವರ ಕೈಗೆ ಮಳೆಬಿಲ್ಲಿನ ಬಣ್ಣಗಳುಳ್ಳ ಉಣ್ಣೆಯ ನೂಲಿನ ಆರು ಮೆತ್ತನೆಯ ಚೆಂಡುಗಳು ಬರುತ್ತಿದ್ದವು. ಆಮೇಲೆ ಮರದ ಒಂದು ಗುಂಡು, ದಾಳದಂಥ ಒಂದು ಚೌಕದ ತುಂಡು, ಒಂದು ಉರುಳೆ. ಅದರ ಮೇಲೆ ಎಂಟು ಚಿಕ್ಕ ತುಂಡುಗಳಾಗಿ ಬಿಡಿಸಿ ತಿರಿಗಿ ಒಂದಾಗಿ ಕೂಡಿಸಬಹುದಾದ ಚೌಕ. ಇವುಗಳಿಂದ ಮಕ್ಕಳು ಮನೆ, ಮೇಜು, ಮೆಟ್ಟಲುಗಳನ್ನು ಕಟ್ಟುವರು. ಕಟ್ಟುತ್ತಾ ಎಣಿಕೆಯನ್ನೂ ಆಕಾರವನ್ನೂ ಕ್ರಮವನ್ನೂ ತಿಳಿಯದೆಯೇ ತಿಳಿಯುವರು. ಕಾಗದ ಮಡಿಸುವದು, ಹೆಣೆಯುವದು, ಜೇಡಿಮಣ್ಣಿನಲ್ಲಿ ಬೊಂಬೆ ಮಾಡುವದು, ಸುತ್ತಲೂ ಕೈಹಿಡಿದು ನಿಂತು ಹಾಡಿ ಕುಣಿಯುವದು ಇವೆಲ್ಲವೂ ಇದ್ದವು. ಇದಲ್ಲದೆ ನಿಜವಾದ ತೋಟವೂ ಇರಬೇಕೆಂದು ಅವನು ನೇಮಿಸಿದನು. ಪ್ರತಿ ಮಗುವಿಗೆ ತನ್ನದೇ ಆದ ಒಂದು ಚಿಕ್ಕ ಪಾತಿಯು; ಎಲ್ಲರಿಗೂ ಸೇರಿದ ಪಾತಿಗಳು ಬೇರೆ. ತನ್ನ ಪಾತಿಗೆ ನೀರು ಹೊಯ್ಯುವ ಮಗುವು ತನ್ನ ಜವಾಬ್ದಾರಿಯನ್ನು ಕಲಿಯುವದು. ಎಲ್ಲರ ಪಾತಿಗೆ ನೀರು ಹೊಯ್ಯುವಾಗ ನೆರೆಯವನ ಪ್ರೀತಿಯನ್ನು ಕಲಿಯುವದು.

ತಾಯಂದಿರಿಗೋಸ್ಕರ ಅವನು 1844ರಲ್ಲಿ ಬೆರಳಾಟಗಳೂ ಹಾಡುಗಳೂ ಚಿತ್ರಗಳೂ ಉಳ್ಳ ಪುಸ್ತಕವನ್ನು ಹೊರಡಿಸಿದನು. ಈ ಕೆಲಸಕ್ಕೆ ಸ್ತ್ರೀಯರೇ ತಕ್ಕವರೆಂದು ತಿಳಿದು, ಯೌವನಸ್ಥೆಯರನ್ನು ಕೂಡಿಸಿ ಶಿಕ್ಷಣವನ್ನು ಕೊಟ್ಟನು. ಸ್ತ್ರೀಯರಿಗೆ ಗೌರವವುಳ್ಳ ಉದ್ಯೋಗಗಳು ಅಪರೂಪವಾಗಿದ್ದ ಆ ಕಾಲದಲ್ಲಿ ಇದು ದೊಡ್ಡ ಮಾತಾಗಿತ್ತು.

ಆದರೆ ಅವನ ಅತಿ ಕಠಿನವಾದ ಪರೀಕ್ಷೆಯು ವೃದ್ಧಾಪ್ಯದಲ್ಲಿ ಬಂದಿತು. 1851ನೆಯ ಇಸವಿ ಆಗಸ್ಟ್ 7ರಲ್ಲಿ ಪ್ರಷ್ಯ ರಾಜ್ಯದ ಸರಕಾರವು ಮಕ್ಕಳ ತೋಟಗಳನ್ನೆಲ್ಲಾ ನಿಷೇಧಿಸಿತು. ಅವು ನಾಸ್ತಿಕತ್ವವನ್ನೂ ಸಮಾಜವಾದವನ್ನೂ ಬಿತ್ತುತ್ತವೆಂಬದೇ ಅಪವಾದವು. ಅವನ ಅಣ್ಣನ ಮಗನಾದ ಕಾರ್ಲ್ ಫ್ರೊಬೆಲನು ಬರೆದ ಬೇರೊಂದು ಪುಸ್ತಕವನ್ನು ನೋಡಿ, ಇಬ್ಬರನ್ನೂ ಒಂದೇ ಮಾಡಿ ತೀರ್ಪು ಕೊಟ್ಟಿದ್ದರು. ಮುದುಕನು ವಿವರವಾಗಿ ಬರೆದು ತಿಳಿಸಿದರೂ, ಅರಸನಿಗೆ ಮನವಿಮಾಡಿದರೂ ಕೇಳಲಿಲ್ಲ. ದೇವರ ವಿಷಯವಾದ ಅವನ ಮಾತುಗಳು ಸಭೆಯ ಉಪದೇಶದ ಹಾಗೆ ಯಾವಾಗಲೂ ಸ್ಪಷ್ಟವಾಗಿರಲಿಲ್ಲವೆಂಬದು ನಿಜ. ಆದರೆ ಕಲ್ಲುಹರಳಿನಲ್ಲಿಯೂ ಹೂವಿನಲ್ಲಿಯೂ ಮಗುವಿನ ಆಟದಲ್ಲಿಯೂ ಸೃಷ್ಟಿಕರ್ತನ ಕೈಯನ್ನೇ ಹುಡುಕಿದವನನ್ನು ನಾಸ್ತಿಕನೆಂದು ಹೇಳಿದ್ದು ದೊಡ್ಡ ಅನ್ಯಾಯವು.

ಆ ನಿಷೇಧವು ತೆಗೆಯಲ್ಪಟ್ಟದ್ದನ್ನು ಅವನು ನೋಡಲಿಲ್ಲ. 1852ನೆಯ ಇಸವಿ ಜೂನ್ 21ರಲ್ಲಿ ಮರಿಯೆನ್‌ಟಾಲ್ ಎಂಬಲ್ಲಿ, ಎಪ್ಪತ್ತು ವರುಷ ಪ್ರಾಯದವನಾಗಿ, ತೀರಿಕೊಂಡನು. ಶ್ವೈನಾ ಎಂಬ ಊರಲ್ಲಿರುವ ಅವನ ಸಮಾಧಿಯ ಮೇಲೆ ಚೌಕ, ಉರುಳೆ, ಗುಂಡು ಈ ಮೂರನ್ನೂ ಕಲ್ಲಿನಲ್ಲಿ ಮಾಡಿ ಒಂದರ ಮೇಲೊಂದು ನಿಲ್ಲಿಸಿದ್ದಾರೆ. ಮಕ್ಕಳ ಆಟದ ಸಾಮಾನುಗಳೇ ಅವನ ಗುರುತಾದವು.

ಅವನು ನೆಟ್ಟದ್ದು ಒಣಗಿಹೋಗಲಿಲ್ಲ. ಬೆರ್ಟಾ ಫೊನ್ ಮಾರೆನ್‌ಹೋಲ್ಟ್ಸ್ ಎಂಬ ಕುಲೀನ ಸ್ತ್ರೀಯು ದೇಶದೇಶಗಳಲ್ಲಿ ತಿರುಗಿ ಅವನ ಕ್ರಮವನ್ನು ಬೋಧಿಸಿದಳು. 1860ರಲ್ಲಿ ನಿಷೇಧವು ರದ್ದಾಯಿತು. ಅದಕ್ಕೆ ಮುಂಚೆಯೇ, 1856ರಲ್ಲಿ, ಅಮೇರಿಕಕ್ಕೆ ವಲಸೆಹೋಗಿದ್ದ ಮಾರ್ಗರೇತೆ ಶುರ್ಟ್ಸ್ ಎಂಬವಳು ಅಲ್ಲಿಯ ವಾಟರ್‌ಟೌನ್ ಊರಲ್ಲಿ ತನ್ನ ಮನೆಯಲ್ಲಿಯೇ ಇಂಥ ತೋಟವನ್ನು ತೆರೆದಿದ್ದಳು. ಮುಂದೆ ಅದೇ ದೇಶದಲ್ಲಿ ಜಾನ್ ಡ್ಯೂಯಿ ಎಂಬ ಪಂಡಿತನು 1896ರಲ್ಲಿ ಶಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಒಂದು ಪ್ರಯೋಗಶಾಲೆಯನ್ನು ಆರಂಭಿಸಿದನು. ರಸಾಯನಶಾಸ್ತ್ರದವರು ಪದಾರ್ಥಗಳನ್ನು ಪರೀಕ್ಷಿಸುವ ಹಾಗೆ, ಅಲ್ಲಿ ಮಕ್ಕಳು ಯಾವ ಕ್ರಮದಿಂದ ಚೆನ್ನಾಗಿ ಕಲಿಯುತ್ತಾರೆಂದು ಶಿಕ್ಷಣದ ಕ್ರಮಗಳನ್ನೇ ಪರೀಕ್ಷಿಸುತ್ತಿದ್ದರು. ಎರಡು ವರುಷಗಳ ಮೇಲೆ ಚಿಕ್ಕ ಮಕ್ಕಳ ವರ್ಗವೂ ಅಲ್ಲಿ ಕೂಡಿತು. ಫ್ರೊಬೆಲನ ಚೆಂಡು ಚೌಕಗಳನ್ನು ವಿಧಿಯ ಹಾಗೆ ಅನುಸರಿಸಬೇಕಾಗಿಲ್ಲ, ಮನೆಯಲ್ಲಿ ನಡೆಯುವ ಕೆಲಸಗಳನ್ನೇ ಮಕ್ಕಳು ಆಟವಾಗಿ ಮಾಡಲಿ ಎಂದು ಡ್ಯೂಯಿಯು ತಿಳಿದನು. ಆದರೆ ಆಟವೇ ಶಿಕ್ಷಣದ ಬೇರು, ಕೂಡಿ ಬಾಳುವದೇ ಅದರ ಫಲ ಎಂಬ ಫ್ರೊಬೆಲನ ತಿರುಳನ್ನು ಅವನು ಬಿಡಲಿಲ್ಲ. ಆ ಶಾಲೆಯು ಇಂದಿಗೂ ಮೂರು ವರುಷದ ಕೂಸುಗಳಿಂದ ಹಿಡಿದು ಮಕ್ಕಳನ್ನು ಸೇರಿಸಿಕೊಳ್ಳುತ್ತಾ ನಡೆಯುತ್ತಿದೆ.

ಪ್ರಿಯರೇ, ನಮ್ಮ ಹಳ್ಳಿಗಳಲ್ಲಿ ವಿಶ್ವವಿದ್ಯಾನಿಲಯವಿಲ್ಲ, ಬಣ್ಣದ ಚೆಂಡುಗಳೂ ಇಲ್ಲವೆಂದು ಹೇಳಬೇಡಿರಿ. ಹುಣಸೇಬೀಜ, ಜೇಡಿಮಣ್ಣು, ತೆಂಗಿನಗರಿ, ಮನೆಯ ಹಿಂದೆ ಒಂದು ಮೊಳದ ಪಾತಿ ಯಾರಿಗೆ ಇಲ್ಲ? ಊರಿನಲ್ಲಿ ಅಂಗನವಾಡಿ ಇದ್ದರೆ ಕೂಸನ್ನು ತಪ್ಪದೆ ಕಳುಹಿಸಿರಿ. ಕೂಸನ್ನು ಎತ್ತಿಕೊಳ್ಳುವದಕ್ಕಾಗಿ ಅದರ ಅಕ್ಕನನ್ನು ಶಾಲೆಯಿಂದ ಬಿಡಿಸಬೇಡಿರಿ. ಸಭೆಯ ಹಿರಿಯರೇ, ಆದಿತ್ಯವಾರದ ಶಾಲೆಯಲ್ಲಿ ಅತಿ ಚಿಕ್ಕವರನ್ನು ಅಲುಗದೆ ಕೂಡ್ರಿಸಿ ಅರ್ಥವಾಗದ ಉತ್ತರಗಳನ್ನು ಬಾಯಿಪಾಠ ಮಾಡಿಸುವದು ಸಾಕು; ಅವರಿಗೆ ಹಾಡು, ಆಟ, ಒಂದು ಬೀಜವನ್ನು ನೆಡುವ ಸಂತೋಷ ಇವು ದೊರೆಯಲಿ. ತಾಯಿಯಿಲ್ಲದ ಮಗುವು ಯಾರ ಮನೆಯಲ್ಲಾದರೂ ಇದ್ದರೆ, ಮಲಮಗನೆಂದಾಗಲಿ ಮಂದಬುದ್ಧಿಯವನೆಂದಾಗಲಿ ಅದನ್ನು ಮೂಲೆಗೆ ತಳ್ಳಬೇಡಿರಿ. ದೇವರು ಆ ಮಗುವಿನಲ್ಲಿ ಏನನ್ನು ಬಿತ್ತಿದ್ದಾನೆಂದು ನಾವು ಅರಿಯೆವು.

ನಮ್ಮ ಕರ್ತನು ಶಿಷ್ಯರು ತಡೆದರೂ ಚಿಕ್ಕ ಮಕ್ಕಳನ್ನು ಹತ್ತಿರಕ್ಕೆ ಕರೆದು ಅಪ್ಪಿಕೊಂಡು ಆಶೀರ್ವದಿಸಿದನಲ್ಲವೇ? ಆತನು ಅವರ ಪ್ರಾಯವನ್ನು ಕೇಳಲಿಲ್ಲ. ಅವರಿಗೆ ಓದು ಬರುತ್ತದೋ ಎಂದೂ ಕೇಳಲಿಲ್ಲ. ನಮ್ಮ ಮನೆಗಳೂ ಸಭೆಗಳೂ ಅಂಥ ಎಳೆಯ ಸಸಿಗಳು ಸುಖವಾಗಿ ಬೆಳೆಯುವ ತೋಟಗಳಾಗುವಂತೆ ಆತನೇ ನಮಗೆ ಕೃಪೆಮಾಡಲಿ.