ಹೊಗೆಯ ಲೆಕ್ಕ ಮತ್ತು ದಿವಾನ್ ಶೇಷಾದ್ರಿ ಅಯ್ಯರ್

ಮನೆಯ ಕರೆಂಟಿನ ಹೊಗೆಗೆ ಪ್ರಾಯಶ್ಚಿತ್ತ ಅಂತ ಗಿಡ ನೆಡೋದು, ಆಫ್‌ಸೆಟ್ ಕೊಳ್ಳೋದು ಈಗ ರೂಢಿ. ಆ ಮಾತು ಬಂದಾಗಲೆಲ್ಲ ನನಗೆ ದಿವಾನ್ ಕೆ. ಶೇಷಾದ್ರಿ ಅಯ್ಯರ್ ನೆನಪಾಗುತ್ತಾರೆ.

1845ರಲ್ಲಿ ಪಾಲಕ್ಕಾಡ್ ಕಡೆ ಹುಟ್ಟಿದ ಅಯ್ಯರ್, 1868ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಸೇರಿದರು. 1883ರಲ್ಲಿ ರಂಗಾಚಾರ್ಲು ತೀರಿಕೊಂಡ ಮೇಲೆ ದಿವಾನರಾಗಿ, 1901ರವರೆಗೆ ಆಳಿದರು. ಮದ್ರಾಸಿನವರಿಗೇ ದೊಡ್ಡ ಹುದ್ದೆ ಕೊಡುತ್ತಾರೆ ಅನ್ನೋ ಸಿಟ್ಟು ಮೈಸೂರಿನವರಲ್ಲಿತ್ತು. ಅವರನ್ನು ದೇವರು ಮಾಡುವ ಅಗತ್ಯ ನನಗೂ ಇಲ್ಲ.

ನಮ್ಮ ಟೇಕಲ್‌ನಲ್ಲಿ ರೈಲು ಹತ್ತಿ ಬಂಗಾರಪೇಟೆ ದಾಟಿದರೆ ಕೆಜಿಎಫ್. ಅಲ್ಲಿನ ಚಿನ್ನದ ಗಣಿಗಳು ಆಗ ನಡೆಯುತ್ತಿದ್ದದ್ದು ಉಗಿಯಂತ್ರಗಳಿಂದ. ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ ತೆಗೆದು ಗಣಿಗೆ ಮಾರುವ ಯೋಜನೆಗೆ ಅಯ್ಯರ್ ಬೆನ್ನಾಗಿ ನಿಂತರು. ತಂತಿ ಎಳೆಯಬೇಕಿದ್ದದ್ದು ಸುಮಾರು 147 ಕಿ.ಮೀ.; ಆ ಕಾಲಕ್ಕೆ ಜಗತ್ತೇ ಬೆರಗಾಗುವ ದೂರ. 1902ರ ಜೂನ್‌ನಲ್ಲಿ ಕರೆಂಟ್ ಕೆಜಿಎಫ್ ತಲುಪಿತು. ನೋಡೋಕೆ ಅಯ್ಯರ್ ಇರಲಿಲ್ಲ. 1901ರ ಸೆಪ್ಟೆಂಬರ್‌ನಲ್ಲೇ ತೀರಿಕೊಂಡಿದ್ದರು.

ಅವರಿಗೆ ಬೇಕಿದ್ದದ್ದು ಬೊಕ್ಕಸಕ್ಕೆ ಆದಾಯ, ಶುದ್ಧ ಗಾಳಿಯಲ್ಲ. ಕರೆಂಟ್ ಮೊದಲು ಹೋದದ್ದೂ ಬ್ರಿಟಿಷ್ ಕಂಪನಿಗಳ ಗಣಿಗೆ. ಬೆಂಗಳೂರಿಗೆ ಬಂದದ್ದು 1905ರಲ್ಲಿ. ಹಳ್ಳಿಗಳು ದಶಕಗಟ್ಟಲೆ ಸೀಮೆಎಣ್ಣೆ ಬುಡ್ಡಿಯಲ್ಲೇ ಇದ್ದವು. ಆದರೂ ಒಂದು ಮಾತು ನಿಜ: ಅವರು ಹೊಗೆಗೆ ಪರಿಹಾರ ಕಟ್ಟಲಿಲ್ಲ, ಮೂಲವನ್ನೇ ಬದಲಿಸಿದರು.

ನಾವು ತಿರುಗಿ ಕಲ್ಲಿದ್ದಲಿಗೇ ಹೋದೆವು. ರಾಯಚೂರು ಸ್ಥಾವರ 1985ರಲ್ಲಿ ಶುರುವಾಯಿತು, ಆಮೇಲೆ ಬಳ್ಳಾರಿ, ಯರಮರಸ್. ದೇಶದ ಗ್ರಿಡ್‌ನ ಒಂದು ಯೂನಿಟ್ ಹಿಂದೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಇರುತ್ತದೆ. ಗೃಹಜ್ಯೋತಿಯ 200 ಯೂನಿಟ್ ಪೂರ್ತಿ ಉರಿಸಿದರೆ ತಿಂಗಳಿಗೆ 140 ಕೆ.ಜಿ. ಇಂಗಾಲದ ಡೈಆಕ್ಸೈಡ್ ಗಾಳಿಯಲ್ಲಿ ಲೋಕಕ್ಕೆಲ್ಲ ಹರಡುತ್ತೆ. ಟೇಕಲ್‌ನಲ್ಲಿ ನೆಟ್ಟ ಮರ ಅದರಲ್ಲಿ ಸ್ವಲ್ಪ ಹೀರಬಹುದು. ಗಂಧಕದ ಡೈಆಕ್ಸೈಡ್ ಹಾಗಲ್ಲ. ಅದು ತೇವದೊಂದಿಗೆ ಸೇರಿ ಆಮ್ಲವಾಗಿ, ಕೆಲವೇ ದಿನಗಳಲ್ಲಿ ಸ್ಥಾವರದ ಸುತ್ತಲ ಸೀಮೆಯ ಮೇಲೇ ಇಳಿಯುತ್ತೆ. ರಾಯಚೂರಿನವರ ಹೊಲದ ಮೇಲೆ ಬೀಳೋದನ್ನು ನಮ್ಮೂರ ಮರ ತಡೆಯುತ್ತಾ?

ತಡೆಯೋದು ಚಿಮಣಿಯಲ್ಲೇ ಗಂಧಕ ತೆಗೆಯುವ ಯಂತ್ರ. 2015ರಲ್ಲಿ ಮಿತಿ ಹಾಕಿದ ಕೇಂದ್ರ ಸರ್ಕಾರ, 2025ರ ಜುಲೈನಲ್ಲಿ ಬಹುಪಾಲು ಸ್ಥಾವರಗಳಿಗೆ ಈ ಯಂತ್ರದಿಂದ ವಿನಾಯಿತಿ ಕೊಟ್ಟಿತು. ಗಿಡ ನೆಡೋಣ, ಬೇಡ ಅನ್ನಲ್ಲ. ಆದರೆ ಓಟು ಕೇಳೋಕೆ ಬಂದವರನ್ನು ಎರಡು ಪ್ರಶ್ನೆ ಕೇಳಲೇಬೇಕು: ನಮ್ಮ ಕರೆಂಟ್ ಎಲ್ಲಿಂದ ಬರುತ್ತೆ, ಅದರ ಹೊಗೆ ಯಾರ ತಲೆ ಮೇಲೆ ಇಳಿಯುತ್ತೆ?